ಕಾವೇರಿಗೆ ಬಿಟ್ಟ ಮರಿ ಯಾವುದು?

ಕಾವೇರಿ ಕಣಿವೆಯ ಹೊರತು ಜಗತ್ತಿನ ಬೇರೆಲ್ಲೂ ಇಲ್ಲದ ಮೀನು ಡುಬ್ಬದ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು ಸುಮಾರು 54 ಕಿಲೋ ತೂಗಿತ್ತು!

ಅಣೆಕಟ್ಟು, ಸಿಡಿಮದ್ದುಗಳಿಂದ ಮಹಶೀರ್ ಕಡಿಮೆಯಾಗತೊಡಗಿತು. 1970ರ ದಶಕದಿಂದೀಚೆಗೆ ಸಾಕಣೆ ಕೇಂದ್ರದ ಮರಿಗಳನ್ನು ನದಿಗೆ ಬಿಡಲಾಯಿತು. ಆದರೆ ಅವು ನೀಲಿ ಈಜುರೆಕ್ಕೆಯ ಬೇರೊಂದು ಪ್ರಭೇದ. ಹೊಸಬರ ಸಂತತಿ ಹೆಚ್ಚಿತು; ಡುಬ್ಬದ ಮೀನು ಕಾಣೆಯಾಗುತ್ತ ಬಂತು. ಎರಡಕ್ಕೂ ‘ಮಹಶೀರ್’ ಎಂಬ ಒಂದೇ ಹೆಸರಿದ್ದುದರಿಂದ ನಷ್ಟ ಬೇಗ ಕಣ್ಣಿಗೆ ಬೀಳಲಿಲ್ಲ.

2018ರಲ್ಲಿ ವಿಜ್ಞಾನಿಗಳು ಅದನ್ನು ‘ಟಾರ್ ರೆಮಾದೇವಿ’ ಎಂದು ಗುರುತಿಸಿದರು. ಅದೇ ವರ್ಷ ಅದು ಐಯುಸಿಎನ್ ಕೆಂಪು ಪಟ್ಟಿಯ ತೀವ್ರ ಅಪಾಯದ ವರ್ಗಕ್ಕೆ ಸೇರಿತು.

ಮರಿ ಬಿಡುವುದು ಸುಲಭ. ಯಾವ ಮರಿ ಎಂದು ಮೊದಲು ತಿಳಿಯುವುದೇ ಸಂರಕ್ಷಣೆಯ ಮೊದಲ ಪಾಠ.