ಕಿಡಿ ಇದ್ದದ್ದು ನಮ್ಮ ಡಬ್ಬಿಯಲ್ಲೇ!

ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಗೋಬರ್ ಗ್ಯಾಸ್ ಒಲೆ ಉರಿಯುತ್ತಿದೆ. ಶಿರಸಿ ಸೀಮೆಯಲ್ಲಿ ಇದೇನೂ ಹೊಸತಲ್ಲ. ಹಾಗಾಗಿ ಬಿ.ಇ. ಮೂರನೇ ವರ್ಷದ ಮಿನಿ ಪ್ರಾಜೆಕ್ಟ್‌ಗೆ ನಾನೂ ಯಲ್ಲಾಪುರದ ಗೆಳೆಯನೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಗ್ಯಾಸ್ ಸೋರಿದರೆ ಎಚ್ಚರಿಸುವ ಯಂತ್ರ ಮಾಡುವುದೆಂದು ತೀರ್ಮಾನಿಸಿದೆವು.

ಡಬ್ಬಿ, ವೈರು, ಬಜರ್ ಶಿರಸಿ ಪೇಟೆಯಲ್ಲಿ ಸಿಕ್ಕವು. ಮೀಥೇನ್ ಗುರುತಿಸುವ ಎಂಕ್ಯೂ-4 ಸೆನ್ಸರ್ ಆನ್‌ಲೈನ್‌ನಲ್ಲಿ ತರಿಸಿದೆವು. ಗ್ಯಾಸ್ ಹೆಚ್ಚಾದರೆ ಬಜರ್ ಕೂಗಬೇಕು, ರಿಲೇ ಮೂಲಕ ಎಕ್ಸಾಸ್ಟ್ ಫ್ಯಾನ್ ತಾನಾಗಿ ತಿರುಗಬೇಕು. ಒಂದು ತಿಂಗಳು ಅದು ನಮ್ಮ ಅಡುಗೆಮನೆಯ ಗೋಡೆಯಲ್ಲಿತ್ತು. ಒಮ್ಮೆ ಒಲೆಯ ಪೈಪ್ ಸಡಿಲವಾದಾಗ ಕೂಗಿಯೂ ಬಿಟ್ಟಿತು. ನಮಗೋ ಹೆಮ್ಮೆ!

ಆ ಹೆಮ್ಮೆ ವೈವಾದಲ್ಲಿ ಇಳಿಯಿತು.

‘ರಿಲೇ ಎಲ್ಲಿದೆ?’ ಎಂದರು ಹೊರಗಿನಿಂದ ಬಂದ ಪರೀಕ್ಷಕರು.

‘ಅದೇ ಡಬ್ಬಿಯಲ್ಲಿ ಸರ್.’

‘ಗ್ಯಾಸ್ ತುಂಬಿದ ಕೋಣೆಯಲ್ಲಿ ಅದರ ಕಾಂಟ್ಯಾಕ್ಟ್ ಕೂಡುವಾಗ ಕಿಡಿ ಹಾರುವುದಿಲ್ಲವೇನಪ್ಪಾ?’

ನಾನು ಬೆವೆತೆ. ಗಾಳಿಯಲ್ಲಿ ಮೀಥೇನ್ ಸುಮಾರು ಶೇ 5ರಿಂದ 15ರಷ್ಟಿದ್ದರೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಒಂದು ಮಿಲಿಜೌಲ್‌ಗಿಂತ ಕಡಿಮೆ ಶಕ್ತಿಯ ಕಿಡಿ ಸಾಕು. ಅವತ್ತು ಸೋರಿದ್ದು ಬಹುಶಃ ಅಷ್ಟಿರಲಿಲ್ಲ. ಇದ್ದಿದ್ದರೆ? ಕಾಪಾಡಲು ಇಟ್ಟ ಯಂತ್ರವೇ ಕಡ್ಡಿ ಗೀರುತ್ತಿತ್ತು. ಒಲೆಯ ಮುಂದೆ ಆಯಿ ಇದ್ದಳು.

ಆಮೇಲೆ ಓದಿದೆ. ಇಂಥ ಜಾಗಗಳಲ್ಲಿ ಬಳಸುವ ವಿದ್ಯುತ್ ಉಪಕರಣಗಳಿಗೆಂದೇ ಬೇರೆ ಶಾಸ್ತ್ರವಿದೆ. 1913ರಲ್ಲಿ ವೇಲ್ಸ್‌ನ ಸೆಂಗೆನಿದ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 439 ಕಾರ್ಮಿಕರು ಸತ್ತರು. ಸಂಕೇತದ ಗಂಟೆ ಬಾರಿಸುವ ತಂತಿಯ ಕಿಡಿಯ ಮೇಲೂ ಸಂಶಯ ಬಂತು. ಅಂಥ ಗಂಟೆಗಳ ಮೇಲೆ ನಡೆದ ಸಂಶೋಧನೆಯಿಂದಲೇ ‘ಇಂಟ್ರಿನ್ಸಿಕ್ ಸೇಫ್ಟಿ’ ಎಂಬ ವಿಧಾನ ಬೆಳೆಯಿತು. ಕಿಡಿ ಹಾರಿದರೂ ಗ್ಯಾಸ್ ಹೊತ್ತದಷ್ಟು ಕಡಿಮೆ ಶಕ್ತಿಯಲ್ಲಿ ಸರ್ಕ್ಯೂಟ್ ನಡೆಸುವುದೇ ಇದರ ಗುಟ್ಟು.

ಇನ್ನೊಂದು ವಿಧಾನ ‘ಫ್ಲೇಮ್‌ಪ್ರೂಫ್’. ಹೆಸರು ಕೇಳಿ, ಒಳಗೆ ಗ್ಯಾಸೇ ಹೋಗದ ಪೆಟ್ಟಿಗೆ ಅಂದುಕೊಂಡಿದ್ದೆ. ಹಾಗಲ್ಲ. ಗ್ಯಾಸ್ ಒಳಹೋಗಬಹುದು, ಒಳಗೇ ಸ್ಫೋಟವೂ ಆಗಬಹುದು. ಆದರೆ ಪೆಟ್ಟಿಗೆ ಒಡೆಯಬಾರದು, ಕೀಲಿನ ಕಿರಿದಾದ ಸಂದಿಯಲ್ಲಿ ಹೊರಬರುವಷ್ಟರಲ್ಲಿ ಬೆಂಕಿ ತಣಿದಿರಬೇಕು. ಪರೀಕ್ಷೆಯೂ ಹಾಗೆಯೇ: ಒಳಗೂ ಹೊರಗೂ ಗ್ಯಾಸ್ ತುಂಬಿ ಒಳಗೆ ಕಿಡಿ ಕೊಡುತ್ತಾರೆ. ಹೊರಗಿನದು ಹೊತ್ತಿತೋ, ಉಪಕರಣ ಫೇಲ್!

ನಮ್ಮ ದೇಶದಲ್ಲಿ ಧನ್‌ಬಾದ್‌ನ ಸಿಐಎಂಎಫ್‌ಆರ್‌ನಂಥ ಪ್ರಯೋಗಾಲಯಗಳು ಈ ಪರೀಕ್ಷೆ ನಡೆಸುತ್ತವೆ. ಪೆಟ್ರೋಲಿಯಂ ಇರುವ ಜಾಗಗಳಲ್ಲಿ ಬಳಸಲು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ‘ಪೆಸೊ’ ಸಂಸ್ಥೆಯ ಅನುಮೋದನೆ ಬೇಕು. ಉಪಕರಣದ ಮೇಲಿನ ಫಲಕದಲ್ಲಿ ‘ಇಎಕ್ಸ್’ ಗುರುತು, ಯಾವ ಗುಂಪಿನ ಗ್ಯಾಸ್‌ಗೆ ಸೂಕ್ತ, ಮೇಲ್ಮೈ ಎಷ್ಟು ಬಿಸಿಯಾಗಬಹುದು ಎಲ್ಲವೂ ಇರುತ್ತದೆ. ‘ಟಿ6’ ಎಂದಿದ್ದರೆ 85 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬೈಕಿಗೆ ಎಷ್ಟೋ ಸಲ ಪೆಟ್ರೋಲ್ ಹಾಕಿಸಿದ್ದೇನೆ, ಪಂಪಿನ ಮೇಲಿನ ಆ ಫಲಕವನ್ನು ಒಮ್ಮೆಯೂ ಓದಿರಲಿಲ್ಲ.

ಕೋಡಿಂಗ್ ಬಿಟ್ಟರೆ ಕೆಲಸವೇ ಇಲ್ಲ ಎಂದು ಹಾಸ್ಟೆಲ್‌ನಲ್ಲಿ ದಿನವೂ ಮಾತಾಡುತ್ತೇವೆ. ರಿಫೈನರಿ, ಔಷಧ ಕಾರ್ಖಾನೆ, ಬಣ್ಣದ ಕಾರ್ಖಾನೆ, ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ, ಎಲ್ಲೆಡೆ ಇಂಥ ಉಪಕರಣ ಆರಿಸುವವರು, ಪರೀಕ್ಷಿಸುವವರು, ತಪಾಸಣೆ ಮಾಡುವವರು ಬೇಕು. ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಕೆಮಿಕಲ್ ಓದುವವರು ಐಎಸ್/ಐಇಸಿ 60079 ಮಾನದಂಡಗಳತ್ತ ಒಮ್ಮೆ ಕಣ್ಣು ಹಾಯಿಸಿ. ಈಗ ನನ್ನ ದಾರಿ ಅದೇ.

ಆ ವಾರವೇ ಊರಿಗೆ ಹೋಗಿ ಡಬ್ಬಿ ಬಿಚ್ಚಿದೆ. ಆಯಿಗೆ ಕಾರಣ ವಿವರಿಸಿದೆ. ಆಕೆ ನಕ್ಕಳು: ‘ತಮಾ, ಯಂಗೆ ಅದೆಲ್ಲ ತಿಳಿತಿಲ್ಲೆ. ವಾಸನೆ ಬಂದ್ರೆ ಕಿಟಕಿ ತೆಗಿ, ಸ್ವಿಚ್ ಮುಟ್ಟಡ. ಅಷ್ಟೇಯ.’

ಎರಡು ಸೆಮಿಸ್ಟರ್ ಸರ್ಕ್ಯೂಟ್ ಓದಿದರೂ ನನಗೆ ಹೊಳೆಯದ್ದು ಆಯಿಗೆ ಮೊದಲೇ ಗೊತ್ತಿತ್ತು.