ಓಕುಳಿಗೆ ಗೊತ್ತಿಲ್ಲದ ಮೂರನೆಯ ಬಣ್ಣ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಹಳದಿ ಮಾಯವಾಗಿ ಆರತಿಯ ಓಕುಳಿ ಕೆಂಪೇರುತ್ತದೆ. ಇಂಥ ಮನೆಯಲ್ಲಿ ಬೆಳೆದ ಮಕ್ಕಳೂ ಶಾಲೆಗೆ ಹೋಗಿ, ಆಮ್ಲವು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುತ್ತದೆ ಎಂದು ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ. ಏಕೆ ಎಂದು ಕೇಳಿದರೆ ಮೌನ.

ಈ ಬಣ್ಣದಾಟವನ್ನು ಪರೀಕ್ಷಾ ವಿಧಾನವಾಗಿ ಬೆಳೆಸಿದವನು ರಾಬರ್ಟ್ ಬಾಯ್ಲ್. 1627ರಲ್ಲಿ ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಲಿಸ್ಮೋರ್ ಕೋಟೆಯಲ್ಲಿ ಹುಟ್ಟಿದವನು, ಕಾರ್ಕಿನ ಅರ್ಲ್‌ನ ಹದಿನಾಲ್ಕನೆಯ ಮಗು. ಅನಿಲದ ಒತ್ತಡ ಹೆಚ್ಚಿದಂತೆ ಗಾತ್ರ ಕುಗ್ಗುತ್ತದೆ ಎಂಬ ನಿಯಮದಿಂದ ಅವನ ಹೆಸರು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟವಾಗುವುದು 1664ರಲ್ಲಿ ಬಣ್ಣಗಳ ಬಗ್ಗೆ ಅವನು ಬರೆದ ಪುಸ್ತಕ. ಆ ಕಾಲದಲ್ಲಿ ಔಷಧಿಯಾಗಿ ಸಿಗುತ್ತಿದ್ದ ವಯಲೆಟ್ ಹೂವಿನ ಪಾನಕಕ್ಕೆ ಆಮ್ಲ ಬೆರೆಸಿದ, ಕೆಂಪಾಯಿತು. ಕ್ಷಾರ ಬೆರೆಸಿದ, ಹಸಿರಾಯಿತು. ಬಣ್ಣ ಕದಲದಿದ್ದರೆ ಅದು ಎರಡೂ ಅಲ್ಲ. ಪಠ್ಯದಲ್ಲಿ ನಾವು ತಟಸ್ಥ ಎನ್ನುವುದು ಇದನ್ನೇ.

ನಮ್ಮ ಅರಿಶಿನ ಸೋಲುವುದು ಇಲ್ಲಿ. ನಿಂಬೆರಸ ಹಿಂಡಿದರೂ ಹಳದಿ, ಬರೀ ನೀರಿನಲ್ಲೂ ಹಳದಿ. ಸುಣ್ಣದಂಥ ಕ್ಷಾರ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಬಾಯ್ಲನ ಹೂವು ಮೂರನ್ನೂ ಬೇರೆ ಮಾಡಿ ತೋರಿಸಿತು.

ಹೂವಿಗೆ ಇದು ತಿಳಿಯುವುದಾದರೂ ಹೇಗೆ? ಆಮ್ಲ ನೀರಿನಲ್ಲಿ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ. ಬಣ್ಣದ ಅಣು ಅಂಥ ಅಯಾನನ್ನು ಹಿಡಿದುಕೊಂಡಾಗ ಅಣುವಿನ ರಚನೆ ತುಸು ಬದಲಾಗಿ, ಅದು ಹೀರುವ ಬೆಳಕೂ ಬೇರೆಯಾಗುತ್ತದೆ. ಕ್ಷಾರ ಆ ಅಯಾನನ್ನು ಕಿತ್ತುಕೊಂಡರೆ ಮತ್ತೊಂದು ಬಣ್ಣ. ಅಯಾನುಗಳ ಈ ವಿವರಣೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಸ್ವೀಡನ್ನಿನ ಅರೇನಿಯಸ್‌ನಿಂದ. ಬಾಯ್ಲ್ ಕಂಡದ್ದನ್ನಷ್ಟೇ ಬರೆದಿಟ್ಟ.

ಆಮ್ಲಕ್ಕೂ ಕ್ಷಾರಕ್ಕೂ ಜಗಳ ಹತ್ತಿದರೆ ಏನಾಗುತ್ತದೆಂದು ನೋಡಲು ಐರಿಷ್ ಅಡುಗೆಮನೆಗೇ ಹೋಗಬೇಕು. ಅಲ್ಲಿನ ಮೆದು ಗೋಧಿಯ ಹಿಟ್ಟಿನಲ್ಲಿ ಅಂಟು ಕಡಿಮೆ, ಈಸ್ಟ್ ಹಾಕಿದ ಬ್ರೆಡ್ಡಿಗೆ ಅಷ್ಟಾಗಿ ಒಗ್ಗದು. ಹಾಗಾಗಿ ಹತ್ತೊಂಬತ್ತನೆಯ ಶತಮಾನದಿಂದ ಅವರದು ಸೋಡಾ ಬ್ರೆಡ್: ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಸೋಡಾದ ಜೊತೆ ಸೇರಿದರೆ ನೀರು, ಒಂದು ಲವಣ ಮತ್ತು ಇಂಗಾಲದ ಡೈಆಕ್ಸೈಡ್. ಆ ಅನಿಲವೇ ಹಿಟ್ಟನ್ನು ಉಬ್ಬಿಸುತ್ತದೆ. ಇಡ್ಲಿ ಹಿಟ್ಟಿನಂತೆ ರಾತ್ರಿಯಿಡೀ ಕಾಯುವಂತಿಲ್ಲ. ಕಲಸಿದ ತಕ್ಷಣ ಬೇಯಿಸದಿದ್ದರೆ ಅನಿಲ ಹಾರಿಹೋಗಿ ಬ್ರೆಡ್ಡು ಕಲ್ಲಾಗುತ್ತದೆ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ, ಅಂದರೆ ತಟಸ್ಥವಾಗದೆ ಉಳಿದ ಕ್ಷಾರ.

ವಯಲೆಟ್ ಇಲ್ಲದಿದ್ದರೂ ನಮಗೆ ಕೆಂಪು ದಾಸವಾಳವಿದೆ. ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಮೂರು ಲೋಟಗಳಿಗೆ ಹಂಚಿ. ಒಂದಕ್ಕೆ ನಿಂಬೆರಸ, ಒಂದಕ್ಕೆ ಅಡುಗೆ ಸೋಡಾ, ಮೂರನೆಯದನ್ನು ಹಾಗೇ ಬಿಡಿ. ಯಾವುದಕ್ಕೆ ಯಾವ ಬಣ್ಣ ಬಂತೆಂದು ನಾನು ಹೇಳುವುದಿಲ್ಲ. ಮಕ್ಕಳೇ ನೋಡಿ ಬರೆಯಲಿ.