ಸೀತೂರಿನ ಅಂಗಳದಿಂದ ಕೋರ್ಟಿನ ಮೆಟ್ಟಿಲಿಗೆ

ಅಂಗಳದ ತುಂಬ ಅಡಿಕೆ ಹರವಿತ್ತು. ಹಿಂದಿನ ರಾತ್ರಿ ಬೇಯಿಸಿದ್ದಂತೆ; ಹಂಡೆಯ ಚೊಗರಿನ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಒಂದು ಮೂಲೆಯಲ್ಲಿ ಗೋಣಿ ಹಾಸಿಕೊಂಡು ಕೂತವನು ಒಣಗಿದ ಅಡಿಕೆ ಆರಿಸುತ್ತಿದ್ದ. ಸರಕು ಇಲ್ಲಿ, ಬೆಟ್ಟೆ ಅಲ್ಲಿ, ರಾಶಿ ಇಡಿ ಬುಟ್ಟಿಗೆ, ಗೊರಬಲು ಬೆನ್ನ ಹಿಂದಕ್ಕೆ. ಕಣ್ಣು ಹಾಯಿಸದೆಯೇ ಎಸೆಯುತ್ತಿದ್ದಾನೇನೋ ಅನ್ನಿಸುವಷ್ಟು ಕೈ ಚುರುಕು. ನಡುವೆ ಒಂದನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿ, ಸರಕಿನ ಗುಡ್ಡೆಯಿಂದ ಬೆಟ್ಟೆಗೆ ಹಾಕಿದ. "ಇದು ಬಣ್ಣದಲ್ಲಿ ಮೋಸ ಮಾಡ್ತದೆ" ಎಂದ. ನನ್ನ ಮುಖ ನೋಡಲಿಲ್ಲ.

ನರಸಿಂಹರಾಜಪುರ ತಾಲ್ಲೂಕಿನ ಸೀತೂರು. ಮನೆಯ ಗುರುತು, ಹೆಸರು ಎರಡನ್ನೂ ಬಿಟ್ಟಿದ್ದೇನೆ. ಅವನಿಗೆ ನಲವತ್ತರ ಹತ್ತಿರ ವಯಸ್ಸು, ಬಹಳ ವರ್ಷಗಳಿಂದ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ. ಆ ಹೆಸರು ಮಾತ್ರೆ ಚೀಟಿಯಲ್ಲಿ ಮಾತ್ರ ಇದೆ. ಊರವರಿಗೆ "ಅವನಿಗೆ ಸ್ವಲ್ಪ ತಲೆ ಸರಿ ಇಲ್ಲ", ಅಷ್ಟೇ.

ತಾಯಿ ಕಾಫಿ ತಂದಿಟ್ಟು ಕಂಬಕ್ಕೆ ಒರಗಿ ಕೂತರು. "ಇವರಪ್ಪ ಹೋಗಿ ಎರಡು ಮಳೆಗಾಲ ಆಯ್ತು. ಪೌತಿ ಖಾತೆ ಆಗ್ಬೇಕು. ಇವನ ಹೆಬ್ಬೆಟ್ಟು ಒತ್ತಿಸಿ ದೊಡ್ಡವನ ಹೆಸರಿಗೆ ಜಿಪಿಎ ಮಾಡ್ಸಿ ಅಂತಾರೆ ಒಬ್ರು. ತಲೆ ಸರಿ ಇಲ್ಲ ಅಂತ ಡಾಕ್ಟ್ರ ಸರ್ಟಿಫಿಕೇಟು ತಂದ್ರೆ ಹೆಸರೇ ಬಿಡಬಹುದು ಅಂತಾರೆ ಇನ್ನೊಬ್ರು. ಯಾವ್ದು ಸರಿ ಮಾರಾಯ್ರೆ?"

ಎರಡೂ ಸರಿಯಲ್ಲ. ಆದರೆ ಮಲೆನಾಡಿನಲ್ಲಿ ಅರ್ಜಿ ಬರೆದುಕೊಡುವವರಿಂದ ಹಿಡಿದು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರ ತನಕ ಎಲ್ಲರೂ ಕೊಡುವ ಸಲಹೆ ಈ ಎರಡೇ. ಕಾಯಿಲೆ ಮನಸ್ಸಿನದ್ದಾದರೂ ಬಿಕ್ಕಟ್ಟು ಮೊದಲು ಕಾಣಿಸಿಕೊಳ್ಳುವುದು ಪಹಣಿಯಲ್ಲಿ ಎಂಬುದು ನಾನು ಈ ಕಡೆ ಓಡಾಡಿ ಕಂಡುಕೊಂಡ ಸಂಗತಿ.

ಮೊದಲು ಹೆಸರು ಬಿಡುವ ಮಾತು. ಹಳೆಯ ಹಿಂದೂ ಶಾಸ್ತ್ರದಲ್ಲಿ ಬುದ್ಧಿಭ್ರಮಣೆಯಾದವರಿಗೆ ಪಾಲು ತಪ್ಪಿಸುವ ಪದ್ಧತಿ ಇತ್ತು. 1928ರಲ್ಲಿ ಬಂದ ಕಾಯ್ದೆ ಬಹುಪಾಲು ಅಂಗವೈಕಲ್ಯಗಳನ್ನು ಆ ಪಟ್ಟಿಯಿಂದ ತೆಗೆದರೂ ಹುಟ್ಟಿನಿಂದ ಬುದ್ಧಿ ಇಲ್ಲದವರನ್ನು ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಅದನ್ನೂ ಮುಗಿಸಿತು: ಯಾವ ರೋಗ, ಯಾವ ನ್ಯೂನತೆ ಇದ್ದರೂ ಆಸ್ತಿಯ ಹಕ್ಕು ತಪ್ಪುವುದಿಲ್ಲ. ವಂಶವೃಕ್ಷದಲ್ಲಿ ಅವನ ಹೆಸರು ಇರಲೇಬೇಕು. ಪೌತಿ ಖಾತೆಯನ್ನು ಸದ್ಯಕ್ಕೆ ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿಯಾಗಿ ಮಾಡಿಸಿಕೊಳ್ಳಬಹುದು. ಅದಕ್ಕೆ ಯಾರೂ ಯಾರಿಗೂ ಹಕ್ಕು ಬಿಟ್ಟುಕೊಡಬೇಕಿಲ್ಲ. ಪಾಲುಪಟ್ಟಿ ಆಮೇಲಿನ ಮಾತು. ಇಷ್ಟು ಹೇಳಿದಾಗ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು.

ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರದ ಕಥೆ ಇನ್ನೂ ವಿಚಿತ್ರ. 1872ರ ಕರಾರು ಕಾಯ್ದೆಯ ಪ್ರಕಾರ, ತಾನು ಏನು ಬರೆದುಕೊಡುತ್ತಿದ್ದೇನೆ, ಅದರಿಂದ ತನಗೇನಾಗುತ್ತದೆ ಎಂದು ಆ ಹೊತ್ತಿನಲ್ಲಿ ತಿಳಿಯುವವನು ಮಾತ್ರ ಬರೆದುಕೊಡಬಹುದು. ತಿಳಿಯುತ್ತದೆ ಎಂದಾದರೆ ಅವನೇ ಬಂದು ಸಹಿ ಹಾಕಲಿ, ಜಿಪಿಎ ಏಕೆ? ತಿಳಿಯುವುದಿಲ್ಲ ಎಂದಾದರೆ ಆ ಹೆಬ್ಬೆಟ್ಟಿಗೆ ಛಾಪಾ ಕಾಗದದ ಬೆಲೆಯೂ ಇಲ್ಲ. ಅಲ್ಲದೆ ಬರೆದುಕೊಟ್ಟವನ ಬುದ್ಧಿ ಮುಂದೆ ಕೆಟ್ಟರೆ ಜಿಪಿಎ ತಾನಾಗಿಯೇ ಬಿದ್ದುಹೋಗುತ್ತದೆ ಎನ್ನುತ್ತದೆ ಅದೇ ಕಾಯ್ದೆಯ 201ನೇ ಕಲಂ. ಮಕ್ಕಳೆಲ್ಲ ಬೆಂಗಳೂರು ಸೇರಿ, ಮನೆಯಲ್ಲಿ ಮರೆವಿನ ಕಾಯಿಲೆಯ ಹಿರಿಯರಷ್ಟೇ ಉಳಿದಿರುವ ಮಲೆನಾಡಿನ ಮನೆಗಳು ಇದನ್ನು ಒಮ್ಮೆ ಓದಿಕೊಳ್ಳಬೇಕು. "ಅಪ್ಪಯ್ಯ ಚೆನ್ನಾಗಿದ್ದಾಗಲೇ ಬರೆಸಿಟ್ಟುಕೊಂಡಿದೀವಿ" ಎಂಬ ಧೈರ್ಯ ಎಷ್ಟೋ ಮನೆಗಳಲ್ಲಿದೆ. ಅದು ಪೊಳ್ಳು ಧೈರ್ಯ.

ಮಂಗಳವಾರ ಮೂವರೂ ಬಸ್ಸಿಗೆ ನಿಂತೆವು. ಕೊಪ್ಪದ ಕಾರ್ಮಿಕರೇ ಕಟ್ಟಿ ಬೆಳೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಈ ಕಡೆಯವರಿಗೆ ಬಸ್ಸು ಕಾಯುವುದೇ ಒಂದು ಕಸುಬು. ಮಂಗಳವಾರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವುದು ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಏರ್ಪಾಡು. ತಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಟರೆ ಸುಮ್ಮನೆ ವಾಪಸು ಬರುವುದು ತಪ್ಪುತ್ತದೆ. ಮೊದಲೆಲ್ಲ ಶಿವಮೊಗ್ಗದ ದಾರಿ ಹಿಡಿಯದೆ ಗತಿ ಇರಲಿಲ್ಲ. ಹಾಗೆಂದು ಊರಲ್ಲೇ ಚಿಕಿತ್ಸೆ ಎಂಬುದು ಈ ಸೀಮೆಗೆ ತೀರಾ ಹೊಸದೂ ಅಲ್ಲ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ 2005ರಿಂದಲೇ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿನಲ್ಲಿ ಗುರುತಿಸಿ ನೋಡಿಕೊಂಡಿದೆ.

ನಾವು ಇಳಿದದ್ದು, ಯಡೇಹಳ್ಳಿ ಎಂಬ ಹಳೆಯ ಹೆಸರು ಕಳಚಿ, ಮೈಸೂರಿನ ಯುವರಾಜರು ಬಂದುಹೋದ ನೆನಪಿಗೆ 1915ರಲ್ಲಿ ನರಸಿಂಹರಾಜಪುರವಾದ ಪೇಟೆಯಲ್ಲಿ. ಕೆಲವರು ಈಗಲೂ ಹಳೆಯ ಹೆಸರನ್ನೇ ಹೇಳುತ್ತಾರೆ. ಆಸ್ಪತ್ರೆಯ ಕೆಲಸ ಮುಗಿಸಿ ಕೋರ್ಟಿನ ಆವರಣಕ್ಕೆ ಬಂದಾಗ ತಾಯಿ ಸೆರಗು ಸರಿಮಾಡಿಕೊಂಡು, "ಎಷ್ಟು ದುಡ್ಡು ಇಟ್ಕೋಬೇಕಿತ್ತು?" ಎಂದು ಮೆಲ್ಲಗೆ ಕೇಳಿದರು. ಏನೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ವಕೀಲರನ್ನು ಪಡೆಯುವವರ ಪಟ್ಟಿ ಇದೆ. ಮಹಿಳೆಯರು ಅದರಲ್ಲಿದ್ದಾರೆ, ಅಂಗವಿಕಲರು ಇದ್ದಾರೆ, ಮನೋರೋಗ ಆಸ್ಪತ್ರೆಯೊಳಗೆ ಇರಿಸಲ್ಪಟ್ಟವರೂ ಇದ್ದಾರೆ. ಇವರಿಗೆ ಆದಾಯದ ಮಿತಿ ಕೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದಾದ್ದರಿಂದ ಮಗನಿಗೆ ಅವನದೇ ಹಕ್ಕಿನ ಮೇಲೆ ವಕೀಲರು ಸಿಗಬೇಕು, ತಾಯಿಗೆ ತಾಯಿಯ ಹಕ್ಕಿನ ಮೇಲೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ಕೋರ್ಟಿನಲ್ಲೇ, ಅದರ ಅಧ್ಯಕ್ಷರು ತಾಲ್ಲೂಕಿನ ನ್ಯಾಯಾಧೀಶರೇ.

ಪ್ಯಾನೆಲ್ ವಕೀಲರೊಬ್ಬರು ಕಾಗದಗಳನ್ನೆಲ್ಲ ತಿರುವಿ ಹಾಕಿದರು. ಪಹಣಿ, ಮರಣ ಪತ್ರ, ಮಾತ್ರೆ ಚೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿದ್ದ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು. "ಇದರಲ್ಲಿ ಪರ್ಸೆಂಟು ಹಾಕಿದಾರಲ್ಲ, ಇಷ್ಟಿದ್ರೆ ಸಹಿ ನಡೆಯಲ್ಲ ಅಂತ ಹೇಳಿದ್ರು" ಎಂದರು ತಾಯಿ. ಶೇ 40ರ ಗೆರೆ ಮಾಸಾಶನ, ಮೀಸಲಾತಿಯಂಥ ಸೌಲಭ್ಯಗಳಿಗೆ. ಸಹಿ ಮಾಡುವ ಹಕ್ಕನ್ನು ಆ ಅಂಕಿ ಅಳೆಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ. ಕಾಯಿಲೆ ಇದೆ ಎಂದು ವೈದ್ಯರು ಬರೆದ ಮಾತ್ರಕ್ಕೆ ಯಾರೂ ಕಾನೂನಿನ ಕಣ್ಣಲ್ಲಿ ಬುದ್ಧಿ ಸ್ಥಿಮಿತ ಇಲ್ಲದವರಾಗುವುದಿಲ್ಲ. ಅದನ್ನು ಹೇಳಬೇಕಾದದ್ದು ಕೋರ್ಟು. ಚಿಕಿತ್ಸೆಯ ವಿಷಯಕ್ಕೆ ಬಂದರೆ, ಒಬ್ಬರ ತೀರ್ಮಾನ ಬೇರೆಯವರಿಗೆ ತಪ್ಪೆನಿಸಿದರೂ ಅಷ್ಟಕ್ಕೇ ಅವರಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ ಎಂದೂ ಅದರ 4ನೇ ಕಲಮಿನಲ್ಲಿದೆ. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಹೀಗಿಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಸ್ಥಿಮಿತದಲ್ಲಿ ಉಳಿಯುತ್ತಿದ್ದೆವು?

ವಕೀಲರು ಮಗನನ್ನು ಏನು ಕೇಳಿದರೂ ತಾಯಿಯೇ ಉತ್ತರಿಸುತ್ತಿದ್ದರು. ಮೂರನೆಯ ಸಲ ಅವರು ನಯವಾಗಿ, "ಅಮ್ಮ, ನೀವೂ ಇವರೂ ಇಬ್ಬರೂ ಪಾಲುದಾರರು. ಒಂದು ಐದು ನಿಮಿಷ ಹೊರಗೆ ಕೂತಿರಿ" ಎಂದರು. ತಾಯಿಗೆ ಬೇಸರವಾದದ್ದು ಕಾಣುತ್ತಿತ್ತು. ಇಷ್ಟು ವರ್ಷ ಊಟ ಮಾತ್ರೆ ನೋಡಿಕೊಂಡವರಿಗೆ ಆಗದೆ ಇರುತ್ತದೆಯೇ? ಆದರೆ ವಕೀಲರ ಮಾತೇ ಸರಿ. ಹಿತ ಬೇರೆ ಬೇರೆಯಾದರೆ ಇಬ್ಬರಿಗೂ ಬೇರೆ ಬೇರೆ ವಕೀಲರು ಬೇಕಾಗುತ್ತದೆ.

"ನಿಮ್ಮ ಪಾಲು ಏನು ಮಾಡ್ಬೇಕು ಅಂತಿದೀರಿ?"

ಅವನು ಬಹಳ ಹೊತ್ತು ಕಿಟಕಿ ನೋಡಿದ. ಉತ್ತರ ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. "ಮೇಲಿನ ತೋಟ ನಂಗೆ ಇರ್ಲಿ. ಅಲ್ಲಿ ಎಲೆಚುಕ್ಕಿ ಕಮ್ಮಿ. ಅಣ್ಣಂಗೆ ಗೊತ್ತಿಲ್ಲ ಅದು."

ವಕೀಲರು ಅದನ್ನು ಅವನ ಮಾತಿನಲ್ಲೇ ಬರೆದುಕೊಂಡರು.

ಹೊರಗೆ ಬಂದ ಮೇಲೆ ತಾಯಿ ಕೇಳಿದ ಪ್ರಶ್ನೆಗೆ ಮಾತ್ರ ಇಷ್ಟು ಸಲೀಸಾದ ಉತ್ತರವಿಲ್ಲ. "ನಾ ಹೋದ್ಮೇಲೆ ಇವನ ಪರವಾಗಿ ಯಾರು?" ಚಿಕಿತ್ಸೆಯ ಮಟ್ಟಿಗೆ ದಾರಿ ಸುಲಭ. ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ಅವನೇ ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಅಣ್ಣನೇ ಆಗಬೇಕೆಂದಿಲ್ಲ, ಗೆಳೆಯನೂ ಆಗಬಹುದು. ಆ ಹಾಳೆ ತೋಟಕ್ಕೆ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ಆಸ್ತಿಗೆ ಪಾಲಕರನ್ನು ನೇಮಿಸುವ ವಿಧಾನ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿತ್ತು. 2018ರಲ್ಲಿ 2017ರ ಹೊಸ ಕಾಯ್ದೆ ಜಾರಿಗೆ ಬಂದು ಹಳೆಯದು ರದ್ದಾದಾಗ ಅದೂ ಹೋಯಿತು, ಆ ಜಾಗಕ್ಕೆ ಬೇರೇನನ್ನೂ ಇಡಲಿಲ್ಲ. ಒಳ್ಳೆಯ ಕಾಯ್ದೆಯ ದೊಡ್ಡ ತೂತು ಇದು. ಈಗ ಉಳಿದಿರುವುದು 2016ರ ಕಾಯ್ದೆಯ 14ನೇ ಕಲಮಿನ ಸೀಮಿತ ಪಾಲಕತ್ವ: ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ಅವನ ಜೊತೆಗೇ ಕೂತು ತೀರ್ಮಾನ. ಅದಕ್ಕೆ ಜಿಲ್ಲಾ ನ್ಯಾಯಾಲಯದ ಬಾಗಿಲು ತಟ್ಟಬೇಕು, ಅಂದರೆ ಚಿಕ್ಕಮಗಳೂರು. ಅದೂ ಸಾಲದಾದಾಗ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದ ಕುಟುಂಬಗಳೂ ಇವೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಂದೆತಾಯಿಗೆ ಇಷ್ಟು ಕಷ್ಟವಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಯೇ ಪಾಲಕರನ್ನು ನೇಮಿಸುತ್ತದೆ. ಸ್ಕಿಜೋಫ್ರೇನಿಯಾದವರು ಆ ಕಾಯ್ದೆಯ ಪಟ್ಟಿಯಲ್ಲಿಲ್ಲ.

ಪಾಲಿನ ದಾವೆ ಕೋರ್ಟಿಗೇ ಹೋದರೆ ಒಂದು ರಕ್ಷಣೆ ಇದೆ. ತನ್ನ ಹಿತ ಕಾಯ್ದುಕೊಳ್ಳಲಾರ ಎಂದು ಕೋರ್ಟು ಕಂಡುಕೊಂಡವನ ಪರವಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ಒಬ್ಬರನ್ನು ನಿಲ್ಲಿಸಬೇಕು. ಅವರ ಹಿತ ಅವನ ಹಿತಕ್ಕೆ ವಿರುದ್ಧವಾಗಿರಬಾರದು. ಕೋರ್ಟಿನ ಅನುಮತಿ ಇಲ್ಲದೆ ಅವರು ರಾಜಿ ಮಾಡಿಕೊಂಡರೆ ಅದನ್ನು ಆಮೇಲೆ ಪ್ರಶ್ನಿಸಿ ರದ್ದು ಮಾಡಿಸಬಹುದು. ಎಷ್ಟೋ ಪಾಲುಪಟ್ಟಿಗಳು ಜಗಲಿಯಲ್ಲೇ ಮುಗಿದುಹೋಗುವುದರಿಂದ ಈ ರಕ್ಷಣೆ ಯಾರಿಗೂ ನೆನಪಾಗುವುದಿಲ್ಲ.

ಇದೆಲ್ಲ ಪಾಲಿನ ಮಾತಾಯಿತು. ಮನೆಯೊಳಗೆ ಕೂಡಿಹಾಕಿದ, ಹೊಡೆದ ಪ್ರಕರಣಗಳಾದರೆ ಕಾಯುವ ಹಾಗಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿಸಿಕೊಂಡಿದ್ದ 28 ಜನ ಓಡಲಾರದೆ ಸುಟ್ಟುಹೋದರು. ಇಂದು ಸರಪಳಿ ಹಾಕುವುದು ಅಪರಾಧ. ಮನೆಯಲ್ಲೇ ಹೀಗೆ ನಡೆಯುತ್ತಿದೆ ಎಂದು ತಿಳಿದರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು. ಉಚಿತ ವಕೀಲರು ಸಿಗುತ್ತಾರೆ ಎಂದು ರೋಗಿಗೆ ತಿಳಿಸುವುದು ಪೊಲೀಸರ, ಮ್ಯಾಜಿಸ್ಟ್ರೇಟರ, ಆಸ್ಪತ್ರೆಯ ವೈದ್ಯಾಧಿಕಾರಿಯ ಕರ್ತವ್ಯ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 27ನೇ ಕಲಂ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ತೋಟಗಳನ್ನೇ ನೋಡುತ್ತಿದ್ದ. ಎರಡು ಕಡೆ "ಇಲ್ಲಿ ಹಿಡಿದಿದೆ" ಎಂದ. ಎಲೆಚುಕ್ಕಿ ರೋಗದ ವಿಷಯ.

ಇಂಥ ಮನೆ ನಿಮ್ಮೂರಲ್ಲೂ ಇದ್ದರೆ ಹೆಬ್ಬೆಟ್ಟು ಒತ್ತಿಸುವ ಮುಂಚೆ ತಾಲ್ಲೂಕು ಕೋರ್ಟಿಗೆ ಒಮ್ಮೆ ಹೋಗಿ ಬನ್ನಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಮನಸ್ಸಿನ ತಳಮಳಕ್ಕೆ ಟೆಲಿಮಾನಸ್ 14416. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಕಾನೂನು ಸೇವಾ ಸಮಿತಿಯವರು ಅರ್ಜಿ ಬರೆದುಕೊಳ್ಳುತ್ತಾರೆ, ಶುಲ್ಕವಿಲ್ಲ. ಹೋಗುವಾಗ ವಿಷಯ ಯಾರದೋ ಅವರನ್ನೇ ಕರೆದುಕೊಂಡು ಹೋಗಿ.